ಬರೀ ಅಡಿಕೆ ತಾನೇ, ಅದಕ್ಕೇಕೆ ಎರಡು ವಿಶ್ವವಿದ್ಯಾಲಯ?

ಪ್ರಶ್ನೆ: ಗುವಾಂ ದ್ವೀಪದ ವಿಶ್ವವಿದ್ಯಾಲಯ ಹವಾಯಿಯವರ ಜೊತೆ ಸೇರಿ ಜನರಿಗೆ ಅಡಿಕೆ ಜಗಿಯುವ ಚಟ ಬಿಡಿಸುತ್ತಿದೆಯಂತೆ. ಕ್ಯಾನ್ಸರ್ ತರುವುದು ಹೊಗೆಸೊಪ್ಪು ಅಲ್ವಾ? ಅಡಿಕೆಯ ಮೇಲೇಕೆ ಕಣ್ಣು?

ಉತ್ತರ: ಗುವಾಂ ಪೆಸಿಫಿಕ್ ಸಾಗರದಲ್ಲಿ ಅಮೆರಿಕದ ಆಡಳಿತದಲ್ಲಿರುವ ದ್ವೀಪ. ಒಂದೂವರೆ ಲಕ್ಷ ಚಿಲ್ಲರೆ ಜನ. ಅಲ್ಲಿನ ಚಮೋರೊ ಜನ ಅಡಿಕೆಗೆ ಪುಗುವಾ ಎನ್ನುತ್ತಾರೆ, ನಮ್ಮ ಮಲೆನಾಡಿನ ಹಾಗೆ ಮನೆಗೆ ಬಂದವರಿಗೆ ಕೊಡುತ್ತಾರೆ. ಗುವಾಂ ವಿಶ್ವವಿದ್ಯಾಲಯಕ್ಕೆ ಊರು, ಜನ, ಭಾಷೆ ಗೊತ್ತು. ಸುಮಾರು 6,000 ಕಿಲೋಮೀಟರ್ ಆಚೆಯ ಹವಾಯಿ ವಿಶ್ವವಿದ್ಯಾಲಯದ ಕ್ಯಾನ್ಸರ್ ಕೇಂದ್ರಕ್ಕೆ ಸಂಶೋಧನೆಯ ಅನುಭವವಿದೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಹಣದಲ್ಲಿ 2003ರಲ್ಲಿ ಎರಡೂ ಒಟ್ಟಿಗೆ ಕೆಲಸ ಶುರುಮಾಡಿದವು. ಸಂಶೋಧನೆ, ದ್ವೀಪದ ಹುಡುಗ ಹುಡುಗಿಯರಿಗೆ ತರಬೇತಿ, ಊರೂರಿಗೆ ಹೋಗಿ ತಿಳಿಹೇಳುವುದು, ಮೂರೂ ಇದೆ. ಗುವಾಂನಲ್ಲಿ ಯಾರಿಗೆ ಯಾವ ಕ್ಯಾನ್ಸರ್ ಬಂತು ಎಂಬ ದಾಖಲೆ ಇಡುವುದೂ ಅಲ್ಲಿನ ವಿಶ್ವವಿದ್ಯಾಲಯವೇ.

ಇನ್ನು ಹೊಗೆಸೊಪ್ಪಿನ ಮಾತು. ಇದಕ್ಕೆ ಎಷ್ಟನೇ ಸಲ ಉತ್ತರ ಬರೆಯುತ್ತಿದ್ದೇನೋ, ಲೆಕ್ಕ ಬಿಟ್ಟಿದ್ದೇನೆ. ನಮ್ಮ ಮನೆಯದೂ ಅಡಿಕೆ ತೋಟವೇ. ಹಾಗಾಗಿ ಬೆಳೆಗಾರರ ಮೇಲೆ ಹಗೆ ಸಾಧಿಸುತ್ತಿದ್ದೇನೆ ಎಂದು ಮತ್ತೆ ಪತ್ರ ಬರೆಯಬೇಡಿ.

ಕ್ಯಾನ್ಸರ್ ತರುವುದು ಹೊಗೆಸೊಪ್ಪು ಮಾತ್ರ ಎಂಬ ನಂಬಿಕೆ ಸುಮ್ನೆ ಹುಟ್ಟಿದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1985ರಲ್ಲಿ ಹೊಗೆಸೊಪ್ಪು ಸೇರಿದ ಕವಳ, ಅಂದರೆ ಎಲೆ ಅಡಿಕೆ, ಕ್ಯಾನ್ಸರ್ ತರುತ್ತದೆ ಎಂದಿತು. ಹೊಗೆಸೊಪ್ಪಿಲ್ಲದ ಕವಳದ ಬಗ್ಗೆ ಪುರಾವೆ ಸಾಲದು ಎಂದಿತು. ನಮ್ಮವರು ಅಲ್ಲೇ ನಿಂತುಬಿಟ್ಟಿದ್ದಾರೆ. ಸಂಶೋಧನೆ ನಿಲ್ಲಲಿಲ್ಲ. ತೈವಾನಿನಲ್ಲಿ ಕವಳಕ್ಕೆ ಹೊಗೆಸೊಪ್ಪು ಹಾಕುವುದೇ ಇಲ್ಲ. ಎಳೆ ಅಡಿಕೆ, ಸುಣ್ಣ, ಎಲೆ, ಅಷ್ಟೇ. ಆದರೂ ಅಲ್ಲಿ ಕವಳ ಹಾಕುವವರಲ್ಲಿ ಬಾಯಿ ಕ್ಯಾನ್ಸರ್ ಜಾಸ್ತಿ ಕಂಡಿತು. 2004ರ ವರದಿಯಲ್ಲಿ ಹೊಗೆಸೊಪ್ಪಿಲ್ಲದ ಕವಳವೂ ಬರೀ ಅಡಿಕೆಯೂ ಖಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿದವು. ಹೊಗೆಸೊಪ್ಪೂ ಅದೇ ಗುಂಪಿನಲ್ಲಿದೆ. ಗುಂಪು ಒಂದೇ ಎಂದರೆ ಅಪಾಯ ಒಂದೇ ಅಳತೆಯದು ಎಂದಲ್ಲ, ಪುರಾವೆ ಅಷ್ಟು ಗಟ್ಟಿ ಎಂದು. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಏರುತ್ತದೆ. ಅದು ಸೇರದಿದ್ದರೆ ಅಪಾಯವೇ ಇಲ್ಲ ಎನ್ನುವುದಷ್ಟೇ ಸುಳ್ಳು.

"ನಮ್ಮಜ್ಜಿ 90 ವರ್ಷ ಬದುಕಿದ್ದರು, ದಿನಕ್ಕೆ ಹತ್ತು ಕವಳ ಹಾಕುತ್ತಿದ್ದರು" ಎಂಬ ಪತ್ರ ಇನ್ನೇನು ಬರುತ್ತದೆ. ಸಂತೋಷ. ಬಾಯಿ ಹುಣ್ಣು ವಾಸಿಯಾಗದೆ ಐವತ್ತಕ್ಕೇ ಹೋದ ಪಕ್ಕದ ಮನೆಯವರ ಬಗ್ಗೆ ಮಾತ್ರ ಯಾರೂ ಪತ್ರ ಬರೆಯುವುದಿಲ್ಲ.

ಹೊಗೆಸೊಪ್ಪಿನ ಈ ವಾದಕ್ಕೆ ಗುವಾಂ ಒಳ್ಳೆಯ ಪಾಠಶಾಲೆ, ಅದನ್ನು ಹಾಕದವರೂ ಹಾಕುವವರೂ ಅಲ್ಲಿದ್ದಾರೆ. ಚಮೋರೊ ಜನರಲ್ಲಿ ಹೆಚ್ಚಿನವರು ಅಡಿಕೆಯನ್ನು ಹಾಗೇ ಅಥವಾ ಎಲೆಯ ಜೊತೆ ಅಗಿದು ನುಂಗುತ್ತಾರೆ. ಸುತ್ತಲಿನ ಮೈಕ್ರೊನೇಷಿಯಾ ದ್ವೀಪಗಳಿಂದ ಬಂದವರು ಸುಣ್ಣ, ಹೊಗೆಸೊಪ್ಪು ಸೇರಿಸಿ ಉಗುಳುತ್ತಾರೆ. ಉಗುಳಿದರೆ ಪರವಾಗಿಲ್ವಾ ಎಂದು ಕೇಳಬೇಡಿ. ರಸ ಅಷ್ಟು ಹೊತ್ತು ಕೆನ್ನೆಯೊಳಗೇ ಇರುತ್ತದಲ್ಲ!

ನೀವು ಕೇಳದಿದ್ದರೂ ಇನ್ನೊಂದು ಹೇಳುತ್ತೇನೆ. ಅಡಿಕೆ ಬಿಡಿಸಲು ಇಷ್ಟೆಲ್ಲ ಯಾಕೆ ಬೇಕು, ಸುಮ್ನೆ ಬಿಟ್ಟರಾಯಿತಲ್ಲ? ಆಗುವುದಿಲ್ಲ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ ಮೆದುಳಿನಲ್ಲಿ ಹೊಗೆಸೊಪ್ಪಿನ ನಿಕೋಟಿನ್ ಹೋಗಿ ಕೂರುವ ಜಾಗದಲ್ಲೂ ಕೆಲಸ ಮಾಡುತ್ತದೆ. ಅದಕ್ಕೇ ಕವಳ ತಪ್ಪಿದ ದಿನ ಸಿಡಿಮಿಡಿ. ಸಿಗರೇಟು ಬಿಡಿಸುವ ಪಾಠಗಳನ್ನೇ ಅಡಿಕೆಗೆ ಹೊಂದಿಸಿ ಈ ಎರಡು ವಿಶ್ವವಿದ್ಯಾಲಯಗಳು ಗುವಾಂ ಮತ್ತು ಸೈಪಾನ್ ದ್ವೀಪಗಳಲ್ಲಿ ಪ್ರಯೋಗ ಮಾಡಿದವು. ಒಂದು ಗುಂಪಿಗೆ 22 ದಿನಗಳಲ್ಲಿ 5 ತರಗತಿ, ಇನ್ನೊಂದಕ್ಕೆ ಬರೀ ಕಿರುಪುಸ್ತಕ. ಬಿಟ್ಟೆ ಎಂದವರ ಎಂಜಲು ಪರೀಕ್ಷೆಯೂ ಇತ್ತು, ಬಾಯಿಮಾತು ನಂಬಲಿಲ್ಲ. ತರಗತಿಗೆ ಬಂದವರಲ್ಲಿ ಬಿಟ್ಟವರು ಜಾಸ್ತಿ.

ಈಗ ನಿಮ್ಮದೇ ಪರೀಕ್ಷೆ. ಅಡಿಕೆ ವರ್ಷಗಟ್ಟಲೆ ಕೆನ್ನೆಯ ಒಳಚರ್ಮವನ್ನು ಹಗ್ಗದಂತೆ ಗಟ್ಟಿ ಮಾಡುತ್ತದೆ. ಖಾರ ಉರಿಯುತ್ತದೆ, ಬಾಯಿ ಅಗಲವಾಗಿ ತೆರೆಯಲು ಬರುವುದಿಲ್ಲ. ಹೀಗಾದವರಲ್ಲಿ ಕೆಲವರಿಗೆ ಮುಂದೆ ಕ್ಯಾನ್ಸರ್ ಆಗುತ್ತದೆ. ಕನ್ನಡಿ ಮುಂದೆ ನಿಂತು ನಿಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು ನೋಡಿ. ಹಿಡಿಸದಿದ್ದರೆ ನನಗೆ ಬರೆಯಬೇಡಿ, ದಂತವೈದ್ಯರ ಹತ್ತಿರ ಹೋಗಿ.