ಎರಡು ಬೈಟ್‌ಗಳ ನಡುವೆ ತಪ್ಪುವ ಗೇಜ್

ಮುನಿರಾಬಾದಿನಿಂದ ಹೊರಡುವ ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಎಷ್ಟಿದೆ ಎಂಬುದರ ಮೇಲೆಯೇ ಸಿಂಧನೂರು, ಮಾನ್ವಿ ಕಡೆಯ ಕೊನೆಭಾಗದ ರೈತರ ಭತ್ತ ನಿಂತಿದೆ. ಅಂತಹ ಕಾಲುವೆಗೆ ಅಲ್ಟ್ರಾಸಾನಿಕ್ ಸಂವೇದಕವಿರುವ ಪುಟ್ಟ ಸಾಧನವೊಂದನ್ನು ಅಳವಡಿಸಿದ್ದಾರೆ ಎಂದುಕೊಳ್ಳೋಣ. ಸಂವೇದಕವು ಧ್ವನಿಯನ್ನು ನೀರಿನತ್ತ ಕಳಿಸುತ್ತದೆ. ಪ್ರತಿಧ್ವನಿ ಮರಳುವ ಸಮಯದಿಂದ ನೀರಿನ ಮಟ್ಟವನ್ನು ಲೆಕ್ಕ ಹಾಕಿ ಉಳಿದ ತಂತ್ರಾಂಶಕ್ಕೆ ಒಪ್ಪಿಸುವುದು ಡಿವೈಸ್ ಡ್ರೈವರ್‌ನ ಕೆಲಸ.

ಡ್ರೈವರ್ ಬರೆಯುವುದು ಕಷ್ಟದ ಕೆಲಸ. 2001ರಲ್ಲಿ ಸ್ಟ್ಯಾನ್‌ಫೋರ್ಡ್‌ನ ಸಂಶೋಧಕರು ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನೆಲ್ಲನ್ನು ಜಾಲಾಡಿದಾಗ, ಕೆಲವು ಬಗೆಯ ದೋಷಗಳು ಡ್ರೈವರ್‌ಗಳಲ್ಲಿ ಉಳಿದ ಭಾಗಗಳಿಗಿಂತ 3ರಿಂದ 7 ಪಟ್ಟು ಹೆಚ್ಚಿನ ಪ್ರಮಾಣದಲ್ಲಿ ಕಂಡುಬಂದವು. ಯಂತ್ರಾಂಶವು ತನಗೆ ಬೇಕೆನಿಸಿದಾಗ ಇಂಟರಪ್ಟ್ ಕಳಿಸಿ ನಡೆಯುತ್ತಿರುವ ಕೆಲಸವನ್ನು ತಡೆಯುತ್ತದೆ ಎಂಬುದೇ ಈ ಕಷ್ಟದ ಮೂಲವೆಂದು ನನಗೆ ತೋರುತ್ತದೆ.

ನೀರಿನ ಮಟ್ಟ 2047 ಮಿಲಿಮೀಟರ್ ಇದೆ ಎನ್ನಿ. ಒಂದು ಬೈಟ್‌ನಲ್ಲಿ 0ರಿಂದ 255ರವರೆಗಿನ ಸಂಖ್ಯೆ ಮಾತ್ರ ಹಿಡಿಯುವುದರಿಂದ, 8 ಬಿಟ್‌ನ ಮೈಕ್ರೋಕಂಟ್ರೋಲರ್ (ಸಾಧನದೊಳಗಿನ ಪುಟ್ಟ ಕಂಪ್ಯೂಟರ್ ಚಿಪ್) ಇದನ್ನು ಎರಡು ಬೈಟ್‌ಗಳಲ್ಲಿ ಇಡುತ್ತದೆ: ಮೇಲಿನದು 7, ಕೆಳಗಿನದು 255. ಮೇಲಿನದನ್ನು 256ರಿಂದ ಗುಣಿಸಿ ಕೆಳಗಿನದನ್ನು ಕೂಡಿದರೆ 2047. ಮುಖ್ಯ ಪ್ರೋಗ್ರಾಂ ಮೊದಲು ಕೆಳಗಿನ ಬೈಟ್ ಓದಿ 255 ಪಡೆಯಿತು. ಅಷ್ಟರಲ್ಲಿ ಇಂಟರಪ್ಟ್ ಬಂದು, ಡ್ರೈವರ್ ಹೊಸ ಮಟ್ಟವಾದ 2048ನ್ನು ಬರೆಯಿತು. ಈಗ ಮೇಲಿನ ಬೈಟ್ 8, ಕೆಳಗಿನದು 0. ಪ್ರೋಗ್ರಾಂ ಉಳಿದ ಬೈಟ್ ಓದಿ 8 ಪಡೆದು, ಎರಡನ್ನೂ ಜೋಡಿಸಿದರೆ ಬರುವುದು 2303. ಒಂದೇ ಮಿಲಿಮೀಟರ್ ಏರಿದ ನೀರು ಹತ್ತು ಇಂಚು ಏರಿದಂತೆ ದಾಖಲಾಗುತ್ತದೆ, ಆ ಸಂಖ್ಯೆಯನ್ನು ನಂಬಿ ತೂಬನ್ನು ಇಳಿಸಿದರೆ ಕೊನೆಭಾಗಕ್ಕೆ ನೀರು ಮುಟ್ಟುವುದಿಲ್ಲ. ಓದುವಷ್ಟು ಹೊತ್ತು ಇಂಟರಪ್ಟ್ ತಡೆಹಿಡಿದರೆ ದೋಷ ಇಲ್ಲವಾಗುತ್ತದೆ. ಪರಿಹಾರ ಇಷ್ಟು ಸುಲಭವಾಗಿದ್ದರೂ ಅದರ ಅಗತ್ಯವಿದೆ ಎಂದು ಗುರುತಿಸುವುದು ಸುಲಭವಲ್ಲ.

ಏಕೆಂದರೆ ಇಂಟರಪ್ಟ್ ಆ ಎರಡು ಓದುಗಳ ನಡುವಿನ ಮೈಕ್ರೋಸೆಕೆಂಡ್‌ನಲ್ಲಿಯೇ ಬರಬೇಕು, ಮಟ್ಟವೂ ಆಗಲೇ 2047ರಂತಹ ಅಂಚನ್ನು ದಾಟಬೇಕು. ತಿಂಗಳುಗಟ್ಟಲೆ ಪರೀಕ್ಷಿಸಿದರೂ ಇವೆರಡೂ ಕೂಡಿ ಬಾರದಿರಬಹುದು. ಮಾಡೆಲ್ ಚೆಕಿಂಗ್ ಎಂಬ ವಿಧಾನವು ಇಂತಹ ಯೋಗಾಯೋಗಕ್ಕಾಗಿ ಕಾಯುವುದಿಲ್ಲ. ಪ್ರೋಗ್ರಾಮಿನ ಮಾದರಿಯಲ್ಲಿ ಇಂಟರಪ್ಟ್ ಎಲ್ಲೆಲ್ಲಿ ಬರಬಹುದೋ ಅಲ್ಲೆಲ್ಲ ಬರಿಸಿ, ನಿಯಮ ಮುರಿಯುವ ಹಾದಿ ಸಿಕ್ಕರೆ ಅದನ್ನು ಹೆಜ್ಜೆ ಹೆಜ್ಜೆಯಾಗಿ ತೋರಿಸುತ್ತದೆ. ಇದಕ್ಕೆ ಹತ್ತಿರದ ತಂತ್ರದಿಂದಲೇ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಥಾಮಸ್ ಬಾಲ್ ಮತ್ತು ಶ್ರೀರಾಮ್ ರಾಜಮಣಿ ರೂಪಿಸಿದ ಸ್ಲ್ಯಾಮ್ ಎಂಬ ತಂತ್ರಾಂಶ, ಡ್ರೈವರ್‌ಗಳು ವಿಂಡೋಸ್‌ನ ನಿಯಮಗಳನ್ನು ಪಾಲಿಸುತ್ತವೆಯೇ, ಉದಾಹರಣೆಗೆ ಒಂದೇ ದತ್ತಾಂಶವನ್ನು ಇಬ್ಬರು ಒಟ್ಟಿಗೆ ಮುಟ್ಟದಂತೆ ಹಾಕಿದ ಲಾಕನ್ನು ತೆಗೆಯದೆ ಮತ್ತೆ ಹಾಕುತ್ತವೆಯೇ ಎಂದು ಪರಿಶೀಲಿಸುತ್ತಿತ್ತು.

ಆದರೆ ಮಾದರಿಯಲ್ಲಿ ಇಲ್ಲದ್ದನ್ನು ಯಾವ ಪರಿಶೀಲನೆಯೂ ಕಾಣಲಾರದು. 20 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವ ಧ್ವನಿ, ರಾಯಚೂರಿನ 42 ಡಿಗ್ರಿ ಬಿಸಿಲಿನಲ್ಲಿ ಸುಮಾರು 356 ಮೀಟರ್ ಸಾಗುತ್ತದೆ. ಸಂವೇದಕ ನೀರಿನಿಂದ ಎರಡು ಮೀಟರ್ ಮೇಲಿದ್ದು, ಡ್ರೈವರ್ 343ನ್ನೇ ಹಿಡಿದು ಲೆಕ್ಕ ಹಾಕಿದರೆ, ನೀರು ಇರುವುದಕ್ಕಿಂತ ಏಳು ಸೆಂಟಿಮೀಟರ್ ಮೇಲಿದ್ದಂತೆ ತೋರುತ್ತದೆ. ತರ್ಕದಲ್ಲಿ ಒಂದೂ ದೋಷವಿಲ್ಲದ ಡ್ರೈವರ್ ಕೂಡ ಇಲ್ಲಿ ತಪ್ಪು ಹೇಳುತ್ತದೆ. ಆದ್ದರಿಂದ ತಾಪಮಾನವನ್ನೂ ಓದಿ ಲೆಕ್ಕ ತಿದ್ದುವ ಡ್ರೈವರ್ ಬರೆಯಬೇಕು, ತಾಪಮಾನದ ಸಂವೇದಕವೇ ಕೈಕೊಟ್ಟಾಗ ಹಳೆಯ ಸಂಖ್ಯೆಯನ್ನು ಕೊಡುತ್ತಾ ಹೋಗದೆ ಅಳತೆ ಲಭ್ಯವಿಲ್ಲ ಎಂದು ಸ್ಪಷ್ಟವಾಗಿ ತಿಳಿಸುವಂತೆಯೂ ಅದನ್ನು ರೂಪಿಸಬೇಕು.