ಅಂದು–ಇಂದು ಫೋಟೋ: ಹಳೆ ಕ್ಯಾಮೆರಾ ನಿಂತ ಜಾಗ ಹಿಡಿಯುವ ಲೆಕ್ಕ

ಹಳೆ ಫೋಟೋ ತೆಗೆದ ಜಾಗದಲ್ಲೇ ನಿಂತು ಅದೇ ನೋಟವನ್ನು ಈಗ ಮತ್ತೆ ತೆಗೆದು, ಎರಡನ್ನೂ ಪಕ್ಕಪಕ್ಕ ಇಡುವುದೇ ಅಂದು–ಇಂದು ಫೋಟೋ. ಹಳೆ ಫೋಟೋ ಹುಡುಕುವಾಗ ಊರಿನ ಹೆಸರಷ್ಟೇ ಸಾಲದು, ಆಗಿನ ಜಿಲ್ಲೆಯೂ ಗೊತ್ತಿರಬೇಕು. ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ, ನಂದಿ ಬೆಟ್ಟ ಎಲ್ಲವೂ 2007ರವರೆಗೆ ಕೋಲಾರ ಜಿಲ್ಲೆಗೇ ಸೇರಿದ್ದವು. ಬ್ರಿಟಿಷರ ಕಾಲದ ಅಡಿಬರಹಗಳಲ್ಲಿ ನಂದಿದುರ್ಗ ‘ನಂದಿಡ್ರೂಗ್’ ಆಗಿರುತ್ತದೆ. ಸ್ಕ್ಯಾನ್ ಸಿಕ್ಕಿದರೆ ಅಂಚು ಕತ್ತರಿಸದೆ ಎ4 ಅಳತೆಗೆ ಪ್ರಿಂಟ್ ಹಾಕಿಸಿ, ಒಂದು ಸ್ಕೇಲು ಜೊತೆಗಿಟ್ಟುಕೊಳ್ಳಿ.

ಝೂಮ್ ಅಲ್ಲ, ಕಾಲು

ಎಡವುವುದು ಇಲ್ಲೇ. ಹಳೆ ಚಿತ್ರದಲ್ಲಿ ಬೆಟ್ಟ ದೊಡ್ಡದಾಗಿ ಕಂಡರೆ ಕೈ ಝೂಮ್ ಕಡೆ ಹೋಗುತ್ತದೆ. ಆದರೆ ಝೂಮ್ ಮಾಡಿದರೆ ಹತ್ತಿರದ ಕಂಬವೂ ದೂರದ ಬೆಟ್ಟವೂ ಒಂದೇ ಸಮ ದೊಡ್ಡವಾಗುತ್ತವೆ. ಅವೆರಡರ ನಡುವಿನ ಅನುಪಾತ ಬದಲಾಗುವುದು ನಾವು ಜಾಗ ಬದಲಿಸಿದಾಗ ಮಾತ್ರ. ಆದ್ದರಿಂದ ಮೊದಲು ಜಾಗ, ಆಮೇಲೆ ಝೂಮ್. ಝೂಮ್ ಕಮ್ಮಿಯಾದರೂ ಮನೆಗೆ ಬಂದು ಕ್ರಾಪ್ ಮಾಡಬಹುದು, ತಪ್ಪು ಜಾಗದಿಂದ ತೆಗೆದದ್ದನ್ನು ಯಾವ ಸಾಫ್ಟ್‌ವೇರೂ ಸರಿಮಾಡಲಾರದು.

ನಮ್ಮ ಕಡೆಯ ಹಳೆ ಕೆರೆಗಳಲ್ಲಿ ಇದಕ್ಕೆ ಹೇಳಿ ಮಾಡಿಸಿದ ವಸ್ತುವೊಂದಿದೆ: ತೂಬಿನ ಎರಡು ಕಲ್ಲುಕಂಬ. ಏರಿಯ ಮೇಲೆ ನಿಂತರೆ ಕಂಬಗಳು ಹತ್ತಿರ, ಹಿಂದೆ ಬೆಟ್ಟದ ಸಾಲು. ಈಗ ಮೂರು ಹೊಂದಿಕೆ:

ಎಡ-ಬಲ. ಎಡಗಂಬ ಬೆಟ್ಟಸಾಲಿನ ಯಾವ ತಗ್ಗಿಗೆ ತಾಗಿದೆ, ಪ್ರಿಂಟಿನಲ್ಲಿ ನೋಡಿ. ಸ್ಕ್ರೀನಿನಲ್ಲಿ ಕಂಬ ಆ ತಗ್ಗಿನಿಂದ ಬಲಕ್ಕೆ ಸರಿದಿದ್ದರೆ ನೀವೂ ಬಲಕ್ಕೇ ಸರಿಯಬೇಕು. ಉಲ್ಟಾ ಅನ್ನಿಸುತ್ತದೆ, ಆದರೆ ನಾವು ಬಲಕ್ಕೆ ಹೋದಷ್ಟೂ ಹತ್ತಿರದ ವಸ್ತು ದೂರದ್ದರ ಮುಂದೆ ಎಡಕ್ಕೆ ಜಾರುತ್ತದೆ. ಕಂಬ 20 ಮೀಟರ್ ದೂರದಲ್ಲಿದ್ದರೆ ಒಂದು ಮೀಟರ್ ಹೆಜ್ಜೆಗೆ ಸುಮಾರು 3 ಡಿಗ್ರಿ ಜಾರುತ್ತದೆ, ಅಂದರೆ ಒಂದು ಗೇಣು ಸರಿದರೂ ಗೊತ್ತಾಗುತ್ತದೆ.

ಎತ್ತರ. ಇಲ್ಲೂ ಅದೇ ಸೂತ್ರ. ಕಂಬದ ತುದಿ ಬೆಟ್ಟದ ಮೇಲೆ ಇರಬೇಕಾದ್ದಕ್ಕಿಂತ ಮೇಲೆ ಕಂಡರೆ ಕ್ಯಾಮೆರಾ ಮೇಲಕ್ಕೆತ್ತಿ, ಕೆಳಗೆ ಕಂಡರೆ ಇಳಿಸಿ. ಕಾಲಕಾಲಕ್ಕೆ ಮಣ್ಣು ಸುರಿದು ಏರಿಸಿದ ಏರಿಯಾದರೆ ಟ್ರೈಪಾಡ್ ಮೊಣಕಾಲೆತ್ತರಕ್ಕೆ ಬಂದೀತು, ಗಾಬರಿಯಾಗಬೇಡಿ.

ಹಿಂದೆ-ಮುಂದೆ. ಕಣ್ಣಂದಾಜು ಕೈಕೊಡುವುದು ಇದರಲ್ಲೇ, ಹಾಗಾಗಿ ಅಳೆದೇ ಮಾಡಬೇಕು. ಪ್ರಿಂಟಿನಲ್ಲಿ ಎರಡು ಕಂಬಗಳ ಅಂತರ 36 ಮಿ.ಮೀ., ಹಿಂದಿನ ಬೆಟ್ಟದ ಎರಡು ಶಿಖರಗಳ ಅಂತರ 54 ಮಿ.ಮೀ. ಅಂದುಕೊಳ್ಳಿ. 36÷54 = 0.667. ಈಗ ತೆಗೆದದ್ದರಲ್ಲಿ ಅದೇ ಅಂತರಗಳು 42 ಮತ್ತು 70. 42÷70 = 0.60. ಎರಡು ಚಿತ್ರಗಳ ಗಾತ್ರ ಬೇರೆಯಾದರೂ ಚಿಂತೆಯಿಲ್ಲ, ನಮಗೆ ಬೇಕಾದ್ದು ಅನುಪಾತ ಮಾತ್ರ. ಹೊಸದರಲ್ಲಿ ಕಂಬಗಳ ಪಾಲು ಕಮ್ಮಿ ಬಂದಿದೆ, ಅಂದರೆ ನಾವು ಹಿಂದೆ ನಿಂತಿದ್ದೇವೆ. ಎಷ್ಟು ಹಿಂದೆ? 0.60÷0.667 = 0.9. ಈಗ ಕಂಬಕ್ಕಿರುವ ದೂರ 20 ಮೀಟರ್ ಆದರೆ ಇರಬೇಕಾದ್ದು 20×0.9 = 18. ಎರಡು ಮೀಟರ್ ಮುಂದೆ ಹೋಗಿ. ಬೆಟ್ಟ ಒಂದೆರಡು ಕಿಲೋಮೀಟರ್ ಆಚೆಗಿದ್ದರೆ ಲೆಕ್ಕ ಸರಿ. ಹಿಂದಿನ ವಸ್ತು ಐವತ್ತು-ಅರವತ್ತು ಮೀಟರಿನಲ್ಲೇ ಇದ್ದರೆ ಅದರ ಗಾತ್ರವೂ ಬದಲಾಗಿ ಉತ್ತರ ಕೆಡುತ್ತದೆ, ಎರಡು ಸಲ ಮಾಡಬೇಕಾಗುತ್ತದೆ. ಮುಂದೆ ಹೋದಾಗ ಏರಿಯ ಇಳಿಜಾರಿನಲ್ಲಿ ಕ್ಯಾಮೆರಾ ತಗ್ಗುತ್ತದೆ, ಎತ್ತರವನ್ನು ಮತ್ತೆ ನೋಡಿ. ಫೋನನ್ನು ಮೇಲಕ್ಕೋ ಕೆಳಕ್ಕೋ ವಾಲಿಸಿದರೆ ಕಂಬಗಳು ಓರೆಯಾಗುತ್ತವೆ. ನೆಟ್ಟಗೆ ಹಿಡಿದು ಅಗಲವಾಗಿ ತೆಗೆದು ಕತ್ತರಿಸಿ.

ಗುರುತಿಗೆ ಯಾವುದನ್ನು ನಂಬಬಾರದು

ಕೆಜಿಎಫ್‌ನ ಸೈನೈಡ್ ದಿಬ್ಬ, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಗಣಿತ್ಯಾಜ್ಯದ ರಾಶಿ. 2001ರಲ್ಲಿ ಗಣಿ ಮುಚ್ಚುವ ಮೊದಲು ಬೆಳೆಯುತ್ತಿತ್ತು, ಈಗ ಮಳೆಗೆ ಕೊರೆದುಹೋಗುತ್ತಿದೆ. ಕ್ವಾರಿ ಇರುವ ಗುಡ್ಡದ ತುದಿ, ನೀಲಗಿರಿ ತೋಪು ಇವೂ ಬೇಡ.

ನೆರಳು ಮತ್ತು ನೀರು

ಒಂದೇ ನೆರಳು ವರ್ಷಕ್ಕೆ ಎರಡು ಸಲ ಬರುತ್ತದೆ: ನವೆಂಬರ್ 10ರದ್ದು ಹೆಚ್ಚುಕಡಿಮೆ ಫೆಬ್ರವರಿ 1ಕ್ಕೆ. ಆದರೆ ಗಡಿಯಾರ ಬೇರೆ. ಕೋಲಾರದಲ್ಲಿ ಸೂರ್ಯ ನೆತ್ತಿಯ ಗೆರೆ ದಾಟುವುದು ನವೆಂಬರ್ 10ಕ್ಕೆ ಸುಮಾರು 12:02ಕ್ಕೆ, ಫೆಬ್ರವರಿ 1ಕ್ಕೆ 12:31ಕ್ಕೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ನೆರಳು ಯಾವಾಗಲೂ ಉತ್ತರಕ್ಕೆ ಎನ್ನುವ ಯುರೋಪಿನ ಪಾಠ ಇಲ್ಲಿ ನಡೆಯದು. ಹಳೆ ಫೋಟೋ ನವೆಂಬರಿನದೋ ಫೆಬ್ರವರಿಯದೋ ಎಂದು ಹೊಲ ಹೇಳುತ್ತದೆ: ತೆನೆ ತುಂಬಿದ ರಾಗಿ ನಿಂತಿದ್ದರೆ ನವೆಂಬರ್, ಕೂಳೆ ಮಾತ್ರ ಇದ್ದರೆ ಫೆಬ್ರವರಿ.

ನವೆಂಬರಿನ ಕೆರೆಯನ್ನು ಮೇ ತಿಂಗಳ ಕೆರೆಯ ಪಕ್ಕ ಇಟ್ಟರೆ ಕಾಣುವುದು ಋತು, ದಶಕವಲ್ಲ. ಇನ್ನೊಂದು: 2018ರಿಂದ ಕೋಲಾರದ ಹಲವು ಕೆರೆಗಳಿಗೆ ಬರುತ್ತಿರುವುದು ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು. ‘ಅಂದು ಬರಡು, ಇಂದು ತುಂಬಿದೆ’ ಎಂದು ಬರೆಯುವ ಮೊದಲು ನೀರು ಎಲ್ಲಿಯದೆಂದು ವಿಚಾರಿಸಿ, ಅಡಿಬರಹದಲ್ಲೇ ಹಾಕಿ. ಮಳೆ ಹೆಚ್ಚಾಯಿತೆಂದು ಓದಿಕೊಳ್ಳುವವರೇ ಜಾಸ್ತಿ.

ಬರೆದಿಡಬೇಕಾದ್ದು

ದಿನ, ಗಂಟೆ, ಲೆನ್ಸ್, ನೆಲದಿಂದ ಕ್ಯಾಮೆರಾ ಎತ್ತರ. ಫೋನಿನ ಜಿಪಿಎಸ್ ಮೂರರಿಂದ ಐದು ಮೀಟರ್ ತಪ್ಪುವುದು ಸಾಮಾನ್ಯ, ನಾವು ಸರಿಪಡಿಸಿದ್ದೇ ಎರಡು ಮೀಟರ್. ಅದರ ಬದಲು ಎರಡೂ ತೂಬುಗಂಬಗಳಿಂದ ಟ್ರೈಪಾಡಿನ ಬುಡಕ್ಕೆ ಟೇಪ್ ಹಿಡಿದು ಎರಡು ಅಳತೆ ಬರೆದುಕೊಳ್ಳಿ, ನಿಂತದ್ದು ಏರಿಯ ಕಡೆಯೋ ನೀರಿನ ಕಡೆಯೋ ಎಂಬುದನ್ನೂ ಸೇರಿಸಿ. ಆ ಎರಡು ಅಳತೆಗಳು ಕಂಬಗಳ ಎರಡೂ ಬದಿಯಲ್ಲಿ ಒಂದೊಂದು ಕಡೆ ಕೂಡುತ್ತವೆ.