ಹೊಸ ಕಿಟಕಿಯ ಹೊರಮೈಯಲ್ಲಿ ಇಬ್ಬನಿ ಕಂಡರೆ

ಅಕ್ಟೋಬರ್ ಬಂತೆಂದರೆ ಬ್ರಿಟನ್ನಿನ ನನ್ನ ಗ್ರಾಹಕರಿಂದ, ಅವರಲ್ಲೂ ಹೊಸದಾಗಿ ಮನೆ ಕೊಂಡ ನಮ್ಮ ಕನ್ನಡಿಗರಿಂದ, ಒಂದೇ ಬಗೆಯ ದೂರು ಬರತೊಡಗುತ್ತದೆ. ಇಷ್ಟು ದುಡ್ಡು ಸುರಿದು ಹಾಕಿಸಿದ ಕಿಟಕಿ ಬೆಳಗಾಗುವಷ್ಟರಲ್ಲಿ ಒದ್ದೆಯಾಗಿರುತ್ತದೆ, ಪಕ್ಕದ ಮನೆಯವರ ಮೂವತ್ತು ವರ್ಷ ಹಳೆಯ ಕಿಟಕಿ ಒಣಗಿಯೇ ಇರುತ್ತದೆ, ನಮಗೆ ಮೋಸವಾಯಿತಲ್ಲವೇ ಎಂಬುದು ಅವರ ಪ್ರಶ್ನೆ. ನೀರು ಗಾಜಿನ ಯಾವ ಬದಿಯಲ್ಲಿದೆ, ಒರೆಸಿ ನೋಡಿದಿರಾ ಎಂದು ಕೇಳಿದರೆ ಉತ್ತರವಿರುವುದಿಲ್ಲ.

ಒಳಬದಿಯ ನೀರು ಮನೆಯ ತೇವಾಂಶಕ್ಕೂ ಗಾಳಿಯಾಟಕ್ಕೂ ಸಂಬಂಧಿಸಿದ್ದು. ಡಬಲ್ ಗ್ಲೇಜಿಂಗ್ ಎಂಬ ಜೋಡಿ ಗಾಜಿನ ಕಿಟಕಿಯಲ್ಲಿ ಎರಡು ಗಾಜುಗಳ ನಡುವೆ ಮಂಜು ಕಟ್ಟಿದ್ದರೆ ಸೀಲು ಹೋಗಿದೆ. ಹೊರಬದಿಯಲ್ಲಿದ್ದರೆ ಸಾಮಾನ್ಯವಾಗಿ ಗಾಜು ತನ್ನ ಕೆಲಸವನ್ನು ಚೆನ್ನಾಗಿ ಮಾಡುತ್ತಿದೆ ಎಂದೇ ಅರ್ಥ, ಮತ್ತು ಇದನ್ನೇ ಯಾರೂ ನಂಬುವುದಿಲ್ಲ.

ಮೋಡವಿಲ್ಲದ, ಗಾಳಿ ಬೀಸದ ರಾತ್ರಿಯಲ್ಲಿ ಬಯಲಿಗೆ ತೆರೆದ ಮೇಲ್ಮೈಗಳು ಆಕಾಶದ ಕಡೆಗೆ ಶಾಖವನ್ನು ಸೂಸುತ್ತಾ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತವೆ. ಬಯಲಲ್ಲಿ ನಿಲ್ಲಿಸಿದ ಕಾರಿನ ಮೇಲೆ ಇಬ್ಬನಿ ಕೂತು, ಮರದಡಿಯ ಕಾರು ಒಣಗಿರುವುದು ಇದರಿಂದಲೇ. ಹಳೆಯ ಡಬಲ್ ಗ್ಲೇಜಿಂಗ್ ಗಾಜಿನ ಪ್ರತಿ ಚದರ ಮೀಟರ್ ಮೂಲಕ, ಒಳಗೂ ಹೊರಗೂ ಇರುವ ಒಂದೊಂದು ಡಿಗ್ರಿ ವ್ಯತ್ಯಾಸಕ್ಕೆ, ಸುಮಾರು 2.8 ವ್ಯಾಟ್ ಶಾಖ ಸೋರುತ್ತದೆ. ಒಂಟಿ ಗಾಜಾದರೆ ಸುಮಾರು 5.8. ಆ ಸೋರಿಕೆಯೇ ಹೊರಮೈಯನ್ನು ಬೆಚ್ಚಗಿಟ್ಟು ಇಬ್ಬನಿಯನ್ನು ತಡೆಯುತ್ತದೆ, ಅಂದರೆ ಪಕ್ಕದ ಮನೆಯವರು ಗ್ಯಾಸ್ ಬಿಲ್ ಕಟ್ಟಿ ಗಾಜು ಒಣಗಿಸುತ್ತಿದ್ದಾರೆ. ಇಂಗ್ಲೆಂಡಿನಲ್ಲಿ 2022ರಿಂದ ಬದಲಿ ಕಿಟಕಿಗಳಿಗೆ ಸಾಮಾನ್ಯವಾಗಿ ಇದೇ ಅಳತೆಯಲ್ಲಿ 1.4ರ ಮಿತಿಯಿದೆ. ಹೊಸ ಕಿಟಕಿಯ ಗಾಜಿನ ಮೇಲಿನ ತೆಳು ಲೇಪನವೂ ಎರಡು ಗಾಜುಗಳ ನಡುವೆ ತುಂಬಿದ ಆರ್ಗಾನ್ ಅನಿಲವೂ ಕೋಣೆಯ ಶಾಖವನ್ನು ಒಳಗೇ ತಡೆದಾಗ ಹೊರಗಾಜು ತಣ್ಣಗೇ ಉಳಿದು, ಅದರ ಮೇಲೆ ಇಬ್ಬನಿ ಕೂರುತ್ತದೆ.

ರೆಡಿಂಗ್‌ನ ಒಂದು ಮನೆಯಲ್ಲಿ, ಹಾಸನದಿಂದ ಮಗನ ಮನೆಗೆ ಬಂದಿದ್ದ ನಿವೃತ್ತ ಎಂಜಿನಿಯರ್ ಹಿರಿಯರೊಬ್ಬರು ನಾನು ವಿವರಿಸುವ ಮೊದಲೇ ಗಾಜಿಗೆ ಮೂಗು ತಾಗಿಸುವಷ್ಟು ಹತ್ತಿರ ನಿಂತಿದ್ದರು. ಗಾಜಿನ ಹೊರಮೈಯ ಮಧ್ಯಭಾಗದಲ್ಲಿ ದಟ್ಟವಾಗಿ ಹನಿ, ಸುತ್ತಲೂ ಎರಡು ಬೆರಳಗಲ ಒಣ ಪಟ್ಟಿ. “ಅಂಚಿನ ಪಟ್ಟಿಯಿಂದ ಶಾಖ ಹೊರಗೆ ಹೋಗ್ತಿದೆ, ಅಲ್ವೇನಪ್ಪಾ?” ಎಂದರು. ಸರಿಯಾಗಿಯೇ ಹೇಳಿದ್ದರು: ಎರಡು ಗಾಜುಗಳನ್ನು ಹಿಡಿದಿಡುವ ಸ್ಪೇಸರ್ ಅಲ್ಲಿರುತ್ತದೆ, ಅದರ ಮೂಲಕ ಶಾಖ ಸೋರಿ ಅಂಚು ಒಣಗಿರುತ್ತದೆ. ಮಗರಾಯರು ಮಾತ್ರ ಅಷ್ಟರಲ್ಲಿ ಕಂಪನಿಗೆ ಖಾರವಾದ ಇಮೇಲ್ ಬರೆಯತೊಡಗಿದ್ದರು.

ಆದರೂ ಒಂದು ಎಚ್ಚರಿಕೆ ಅಗತ್ಯ. ಈ ಇಬ್ಬನಿ ಗಾಜಿನ ಬಗ್ಗೆ ಮಾತ್ರ ಹೇಳುತ್ತದೆ. ಗೋಡೆ, ಅಟ್ಟದ ಇನ್ಸುಲೇಷನ್, ಚೌಕಟ್ಟಿನ ಸಂದುಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. ಇಬ್ಬನಿ ಕೂರದ ಕಿಟಕಿ ಕಳಪೆ ಎಂದೂ ತೀರ್ಮಾನಿಸಬಾರದು, ಏಕೆಂದರೆ ಸೂರಿನ ಮರೆಯಲ್ಲಿದ್ದರೆ ಅತ್ಯುತ್ತಮ ಗಾಜೂ ಒಣಗಿರುತ್ತದೆ.

ಇಷ್ಟು ಓದಿದವರು ದಯವಿಟ್ಟು ಇದನ್ನು ಮಂಗಳೂರಿನ ನೆಂಟರಿಗೆ ಹಾಗೆಯೇ ಕಳಿಸಬೇಡಿ. ಅಲ್ಲಿ ಮಳೆಗಾಲದ ರಾತ್ರಿ ಎಸಿ ಕೋಣೆಯ ಕಿಟಕಿ ಹೊರಗಿನಿಂದ ಬೆವರಿದರೆ ಅರ್ಥ ತದ್ವಿರುದ್ಧ: ಒಂಟಿ ಗಾಜು ಒಳಗಿನ ತಂಪನ್ನು ಹಿಡಿದಿಡಲಾರದೆ ತಾನೇ ತಣ್ಣಗಾಗಿದೆ. ಎಸಿಯ ಗಾಳಿ ನೇರವಾಗಿ ಗಾಜಿಗೆ ಬಡಿಯುತ್ತಿದ್ದರೆ ಮೊದಲು ಅದರ ದಿಕ್ಕು ತಿರುಗಿಸಿ ನೋಡಲಿ, ಗಾಜು ಬದಲಿಸುವ ಮಾತು ಆಮೇಲೆ.